ಉಳಿಕೆ ಉಲ್ಲನ್‌ನ ಕಾಲುಚೀಲ, ಹೊದಿಕೆ: ಕಾಯಕದೊಡನೆ ಇರಬೇಕಾದ ಎಚ್ಚರ

ಹೇಮಂತ ಋತುವು ನಮ್ಮ ಸೀಮೆಗೆ ಸದ್ದಿಲ್ಲದೆ ಬರುತ್ತದೆ. ಮಾರ್ಗಶಿರ, ಪುಷ್ಯ ಮಾಸಗಳ ಬೆಳಗಿನ ಜಾವದಲ್ಲಿ ಶ್ರೀರಂಗಪಟ್ಟಣ, ಪಾಂಡವಪುರಗಳ ನಾಲಾ ಬಯಲಿನ ಮೇಲೆ ಮಂಜು ಕವಿದಿರುತ್ತದೆ. ಕೃಷ್ಣರಾಜಪೇಟೆ, ನಾಗಮಂಗಲಗಳ ರಾಗಿ ಹೊಲಗಳ ಮೇಲೆ ಒಣ ಗಾಳಿ ಬೀಸುತ್ತದೆ. ಉತ್ತರ ದೇಶದ ಚಳಿಯೊಡನೆ ಹೋಲಿಸಿದರೆ ಇದು ಅಲ್ಪವೇ ಸರಿ. ಆದರೆ ಚಳಿಗೆಂದು ಕಟ್ಟಿದ ಮನೆಗಳಾಗಲಿ, ಚಳಿಗೆಂದು ಹೊಲಿಸಿಟ್ಟ ಉಡುಪುಗಳಾಗಲಿ ನಮ್ಮಲ್ಲಿ ಹೆಚ್ಚಿಲ್ಲ. ಆದ್ದರಿಂದ ಈ ಅಲ್ಪ ಚಳಿಯೇ ಇಬ್ಬರನ್ನು ಬಾಧಿಸುತ್ತದೆ: ಒಬ್ಬರು ಆಗತಾನೆ ಜನಿಸಿದ ಶಿಶು, ಇನ್ನೊಬ್ಬರು ಮನೆಯ ಹಿರಿಯರು.

ಈ ಇಬ್ಬರಿಗಾಗಿ ನಮ್ಮ ಭಕ್ತಕುಟುಂಬಗಳ ತಾಯಂದಿರು ಕಾಲುಚೀಲ, ಕುಲಾವಿ, ಹೊದಿಕೆಗಳನ್ನು ಹೆಣೆಯುವುದನ್ನು ನಾವು ಬಹುಕಾಲದಿಂದ ಕಂಡಿದ್ದೇವೆ. ಸ್ವೆಟರ್ ಹೆಣೆದ ಮೇಲೆ ಉಳಿದ ಉಂಡೆ, ಬಾಗಿಲ ತೋರಣಕ್ಕೆ ತಂದು ಮಿಕ್ಕ ದಾರ, ಬಿಚ್ಚಿ ಸುತ್ತಿಟ್ಟ ಹಳೆಯ ಶಾಲಿನ ನೂಲು, ಇವೆಲ್ಲ ಅವರ ಕೈಯಲ್ಲಿ ಮತ್ತೆ ಬಳಕೆಗೆ ಬರುತ್ತವೆ. ಇದು ಮೆಚ್ಚತಕ್ಕ ಕಾಯಕ. ಆದರೆ ದೇಹದ ಮೇಲೆ ಧರಿಸುವ ವಸ್ತುವು ಔಷಧದಂತೆ ಗುಣವನ್ನೂ ಮಾಡಬಲ್ಲದು, ದೋಷವನ್ನೂ ಉಂಟುಮಾಡಬಲ್ಲದು. ಆ ಎಚ್ಚರವನ್ನು ಹೇಳುವುದಕ್ಕಾಗಿ ಈ ತಿಂಗಳ ಲೇಖನವನ್ನು ಮೀಸಲಿಟ್ಟಿದ್ದೇವೆ.

ಒಂದು ಗಂಟಿನ ಕಥೆ

ಕೆಲವು ವರ್ಷಗಳ ಹಿಂದೆ ನಾಗಮಂಗಲದ ಕಡೆಯ ಹಳ್ಳಿಯೊಂದರಿಂದ ಎಪ್ಪತ್ತು ದಾಟಿದ ರೈತರೊಬ್ಬರು ನಮ್ಮಲ್ಲಿಗೆ ಬರುತ್ತಿದ್ದರು. ಹದಿನೈದು ವರ್ಷಗಳ ಮಧುಮೇಹ. ಪಾದಗಳಲ್ಲಿ ಸ್ಪರ್ಶಜ್ಞಾನ ಬಹುಮಟ್ಟಿಗೆ ಹೋಗಿತ್ತು. ಶಾಲೆಗೆ ಹೋಗುವ ಮೊಮ್ಮಗಳು ಮನೆಯಲ್ಲಿ ಮಿಕ್ಕಿದ್ದ ಬಣ್ಣಬಣ್ಣದ ಉಲ್ಲನ್ ಸೇರಿಸಿ ತಾತನಿಗೆ ಒಂದು ಜೊತೆ ಕಾಲುಚೀಲ ಹೆಣೆದುಕೊಟ್ಟಿದ್ದಳು. ಅದನ್ನು ನೋಡಿ ನಾವೂ ಬಹಳ ಚೆನ್ನಾಗಿದೆ ಎಂದು ಹೊಗಳಿದೆವು. ಒಳಗೆ ಕೈಯಾಡಿಸಿ ನೋಡಲಿಲ್ಲ.

ಮುಂದಿನ ತಿಂಗಳು ಅವರು ಬಂದಾಗ ಬಲಗಾಲ ಹೆಬ್ಬೆರಳಿನ ಬುಡದಲ್ಲಿ ಆಳವಾದ ವ್ರಣವಿತ್ತು. “ನೋವೇ ಇಲ್ಲ ಕಣ್ ಸ್ವಾಮಿ. ಚೀಲಕ್ಕೆ ಕಲೆ ಆಗದೆ ಅಂತ ಮಗು ಹೇಳ್ದಾಗ್ಲೇ ನಂಗೂ ಗೊತ್ತಾಗಿದ್ದು” ಎಂದರು. ಕಾಲುಚೀಲವನ್ನು ಮಗುಚಿ ನೋಡಿದರೆ, ಎರಡು ಬಣ್ಣದ ನೂಲು ಸೇರುವಲ್ಲಿ ಕಡಲೆಕಾಳಿಗಿಂತ ಚಿಕ್ಕದಾದ ಒಂದು ಗಂಟು. ಆ ಗಂಟು ಹಗಲಿರುಳು ಒಂದೇ ಸ್ಥಳವನ್ನು ಒತ್ತಿತ್ತು. ನೋವಿಲ್ಲದ ಕಾಲು ಅದನ್ನು ತಿಳಿಸಲಿಲ್ಲ. ಅವರನ್ನು ಶಸ್ತ್ರವೈದ್ಯರಲ್ಲಿಗೆ ಕಳುಹಿಸಿದೆವು. ಪಾದ ಉಳಿಯಿತು, ಹೆಬ್ಬೆರಳು ಉಳಿಯಲಿಲ್ಲ.

ಆ ಹುಡುಗಿ ಕಡ್ಡಿಗಳನ್ನು ಎತ್ತಿಟ್ಟುಬಿಟ್ಟಳೆಂದು ಆಮೇಲೆ ತಿಳಿಯಿತು. ಅವಳನ್ನು ಕರೆಸಿ, “ಮಗೂ, ಇದರಲ್ಲಿ ನಿನ್ನ ತಪ್ಪಿಗಿಂತ ನಮ್ಮ ತಪ್ಪು ದೊಡ್ಡದು, ತಿಳಿದವರು ನೋಡಿ ಹೇಳಬೇಕಾಗಿತ್ತು” ಎಂದು ಸಮಾಧಾನ ಹೇಳಿದೆವು. ಉಳಿಕೆ ನೂಲಿನ ಕೆಲಸದಲ್ಲಿ ಮೊದಲು ಕಲಿಯಬೇಕಾದ ಪಾಠ ಇದೇ: ತುಂಡು ನೂಲು ಎಂದರೆ ಜೋಡಣೆಗಳು ಹೆಚ್ಚು, ಜೋಡಣೆ ಎಂದರೆ ಗಂಟಿನ ಅಪಾಯ.

ಶಾಸ್ತ್ರಗಳು ಹೊದಿಕೆಯನ್ನು ಹೇಗೆ ಕಂಡಿವೆ?

ಚರಕಸಂಹಿತೆಯ ಸೂತ್ರಸ್ಥಾನದ ಆರನೆಯ ಅಧ್ಯಾಯವು ಋತುಚರ್ಯೆಯನ್ನು ಹೇಳುತ್ತದೆ. ಹೇಮಂತದಲ್ಲಿ ಹಾಸಿಗೆ, ಹೊದಿಕೆಗಳಿಗಾಗಿ ದಪ್ಪ ಬಟ್ಟೆ, ಚರ್ಮ, ರೇಷ್ಮೆ, ಬಣ್ಣದ ಕಂಬಳಿ ಮುಂತಾದವುಗಳನ್ನು ಅಲ್ಲಿ ಸೂಚಿಸಲಾಗಿದೆ. ಅದೇ ಗ್ರಂಥದ ಹದಿನಾಲ್ಕನೆಯ ಅಧ್ಯಾಯದಲ್ಲಿ ಸ್ವೇದನ ಚಿಕಿತ್ಸೆಯ ವಿಚಾರವಿದೆ. ಬೆಂಕಿಯ ಸಹಾಯವಿಲ್ಲದೆ ಬೆವರು ಬರಿಸುವ ಹತ್ತು ಉಪಾಯಗಳಲ್ಲಿ ವ್ಯಾಯಾಮ, ಬೆಚ್ಚನೆಯ ಮನೆ, ಬಿಸಿಲು ಮುಂತಾದವುಗಳ ಜೊತೆಗೆ ‘ಗುರುಪ್ರಾವರಣ’ ಎಂಬುದನ್ನೂ ಎಣಿಸಲಾಗಿದೆ. ಗುರುಪ್ರಾವರಣವೆಂದರೆ ಭಾರವಾದ ಹೊದಿಕೆ.

ಇದರಿಂದ ಎರಡು ಅಂಶಗಳು ತಿಳಿಯುತ್ತವೆ. ದಪ್ಪ ಕಂಬಳಿ ಹೊದ್ದು ಮಲಗುವುದು ಒಂದು ಬಗೆಯ ಚಿಕಿತ್ಸೆಯೇ ಆಗಿದೆ. ವಾತ, ಕಫಗಳಿಂದಾದ ಜಡತೆ, ಬಿಗಿತಗಳಿಗೆ ಅದು ಹಿತ. ಚಿಕಿತ್ಸೆಯಾದ್ದರಿಂದಲೇ ಅದಕ್ಕೆ ಮಿತಿಯೂ ಉಂಟು. ಸ್ವೇದನಕ್ಕೆ ಯೋಗ್ಯರಲ್ಲದವರ ಪಟ್ಟಿಯಲ್ಲಿ ಆಚಾರ್ಯರು ಗರ್ಭಿಣಿಯರನ್ನೂ, ಪಿತ್ತಪ್ರಕೃತಿಯವರನ್ನೂ, ಮಧುಮೇಹಿಗಳನ್ನೂ ಹೆಸರಿಸಿದ್ದಾರೆ. ಆದ್ದರಿಂದ ಪ್ರೀತಿಯಿಂದ ಹೆಣೆದ ಹೊದಿಕೆಯೆಂದು ಎಲ್ಲರಿಗೂ ಒಂದೇ ತೂಕದ್ದನ್ನು ಹೊದಿಸುವುದು ಸರಿಯಲ್ಲ. ಹೊದ್ದವರು ಬೆಚ್ಚಗಿರಬೇಕೇ ಹೊರತು ಬೆವರಬಾರದು.

ಬಳಸಿದ ವಸ್ತುವನ್ನು ಮತ್ತೆ ಬಳಸಬಹುದೇ ಎಂದು ಹಲವರು ಕೇಳುತ್ತಾರೆ. ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಶಿಶುವಿನ ಹಾಸಿಗೆ, ಹೊದಿಕೆಗಳ ವಿಚಾರ ಬರುತ್ತದೆ. ಅವು ಮೃದುವಾಗಿ, ಹಗುರವಾಗಿ, ಶುಚಿಯಾಗಿ, ಸುವಾಸನೆಯಿಂದ ಕೂಡಿರಬೇಕು. ಬೆವರು, ಕೊಳೆ, ಕ್ರಿಮಿ, ಮಲಮೂತ್ರಗಳಿಂದ ಕೆಟ್ಟವುಗಳನ್ನು ಬಿಡಬೇಕು ಎಂದು ಹೇಳಿ, ಬೇರೆ ಇಲ್ಲದಿದ್ದಾಗ ಅವನ್ನೇ ಚೆನ್ನಾಗಿ ತೊಳೆದು, ಧೂಪ ಹಾಕಿ, ಒಣಗಿಸಿ ಉಪಯೋಗಿಸಬಹುದೆಂದು ಅನುಮತಿ ಕೊಡಲಾಗಿದೆ. ಧೂಪಕ್ಕೆ ಹೇಳಿರುವ ದ್ರವ್ಯಗಳಲ್ಲಿ ಜವೆ, ಸಾಸಿವೆ, ಇಂಗು, ಗುಗ್ಗುಳ, ಬಜೆ ಇವೆ. ಬಡವರ ಮನೆಯ ಸ್ಥಿತಿಯನ್ನು ಬಲ್ಲವರ ಮಾತು ಇದು. ಧೂಪವು ಬಟ್ಟೆಗೇ ಹೊರತು ಮಗುವಿಗಲ್ಲ. ಗಾಳಿಯಾಡುವ ಜಾಗದಲ್ಲಿ ಬಟ್ಟೆಗೆ ಹಾಕಿ, ಹೊಗೆ ಹೋದ ಮೇಲೆ ಬಳಸಬೇಕು.

ಮೊದಲು ನೂಲನ್ನು ಗುರುತಿಸಿರಿ

ಕುರಿಯ ಉಣ್ಣೆಯನ್ನು ಕದಿರಿನಲ್ಲಿ ನೂತು, ಮಗ್ಗದಲ್ಲಿ ನೇಯ್ದು, ಹುಣಸೆಬೀಜದ ಗಂಜಿ ಹಾಕಿ ಗಟ್ಟಿಗೊಳಿಸಿದ ಕರಿಕಂಬಳಿ ನಮ್ಮ ನಾಡಿನ ಹಳೆಯ ಹೊದಿಕೆ. ಎರಡು ಕಡ್ಡಿಯ ಹೆಣಿಗೆ ಮತ್ತು ಕೊಕ್ಕೆಕಡ್ಡಿಯ ಕ್ರೋಷಾ ಆಮೇಲೆ ಬಂದ ವಿದ್ಯೆಗಳು. ಇಂದು ಅಂಗಡಿಯಲ್ಲಿ ‘ಉಲ್ಲನ್’ ಎಂದು ಕೊಡುವ ದಾರದಲ್ಲಿ ಹೆಚ್ಚಿನದು ಕುರಿಯ ಉಣ್ಣೆಯಲ್ಲ, ಅಕ್ರಿಲಿಕ್ ಎಂಬ ಕೃತಕ ನೂಲು. ಉಳಿಕೆ ಉಂಡೆಗೆ ಚೀಟಿ ಇರುವುದಿಲ್ಲವಾದ್ದರಿಂದ ಪರೀಕ್ಷೆ ಅಗತ್ಯ.

ಒಂದು ಗೇಣು ನೂಲನ್ನು ಇಕ್ಕಳದಲ್ಲಿ ಹಿಡಿದು, ಕೆಳಗೆ ನೀರಿನ ತಟ್ಟೆಯಿಟ್ಟು, ತುದಿಯನ್ನು ದೀಪಕ್ಕೆ ತಾಗಿಸಿರಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ಅದು ಉಣ್ಣೆ. ಕಾಗದದಂತೆ ಉರಿದು ಮೃದುವಾದ ಬೂದಿಯಾದರೆ ಹತ್ತಿ. ಕರಗಿ, ತಣ್ಣಗಾದ ಮೇಲೆ ಗಟ್ಟಿಯಾದ ಕಪ್ಪು ಮಣಿಯಾದರೆ ಅಕ್ರಿಲಿಕ್.

ಈ ಭೇದ ಏಕೆ ಮುಖ್ಯ? ಉಣ್ಣೆಯು ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವವನ್ನು ಹೀರಿದರೂ ಒದ್ದೆಯೆನಿಸುವುದಿಲ್ಲ. ಅಕ್ರಿಲಿಕ್ ಬೆವರನ್ನು ಹೀರುವುದು ಅತ್ಯಲ್ಪ. ಉಣ್ಣೆ ಬಿಸಿನೀರಿನಲ್ಲಿ ಕುಗ್ಗುತ್ತದೆ, ಅಕ್ರಿಲಿಕ್ ಹಾಗೆ ಕುಗ್ಗುವುದಿಲ್ಲ. ಎರಡನ್ನೂ ಒಂದೇ ಕಾಲುಚೀಲದಲ್ಲಿ ಬೆರೆಸಿದರೆ ಒಂದೆರಡು ಒಗೆತದಲ್ಲಿ ಅದು ಸೊಟ್ಟಗಾಗಿ ಕಾಲನ್ನು ಬಿಗಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾದುದು ಬೆಂಕಿ. ಅಕ್ರಿಲಿಕ್ ಹೊತ್ತಿಕೊಂಡರೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಬಾಣಂತಿಯ ಕೋಣೆಯಲ್ಲಿ ಕೆಂಡ ಇಡುವ ರೂಢಿಯಿರುವ ಮನೆಗಳಲ್ಲಿಯೂ, ಒಲೆಯ ಮುಂದೆ ಕುಳಿತು ಚಳಿ ಕಾಯಿಸಿಕೊಳ್ಳುವ ಹಿರಿಯರಿಗೂ ಅಕ್ರಿಲಿಕ್ ಹೊದಿಕೆ ಸಲ್ಲದು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡವಿಡುವುದಂತೂ ಪ್ರಾಣಕ್ಕೇ ಅಪಾಯ. ಅದರ ವಿಷಾನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಹಿರಿಯರ ಕಾಲುಚೀಲ

ದೊಡ್ಡವರ ಒಂದು ಜೊತೆಗೆ 80ರಿಂದ 100 ಗ್ರಾಂ ನೂಲು ಬೇಕು. ಉಳಿಕೆ ಉಂಡೆಗಳನ್ನು ತಕ್ಕಡಿಯಲ್ಲಿ ತೂಗಿ ವಿಂಗಡಿಸಿಕೊಳ್ಳಿರಿ. ಪಾದದ ಭಾಗಕ್ಕೆ ಒಂದೊಂದು ಕಾಲಿಗೂ 25ರಿಂದ 30 ಗ್ರಾಂ ತೂಗುವ, ನಡುವೆ ತುಂಡಿಲ್ಲದ ಉಂಡೆಯನ್ನು ತೆಗೆದಿಡಿರಿ. ಚಿಕ್ಕ ತುಂಡುಗಳೆಲ್ಲ ಹಿಮ್ಮಡಿಯ ಗಂಟಿನಿಂದ ಮೇಲಿನ ಭಾಗಕ್ಕೆ ಇರಲಿ. ಬಣ್ಣದ ಪಟ್ಟೆಗಳು ಅಲ್ಲಿ ಅಂದವಾಗಿ ಕಾಣುತ್ತವೆ, ಅಂಗಾಲಿನ ಕೆಳಗೆ ಜೋಡಣೆಯೂ ಬರುವುದಿಲ್ಲ.

ಎರಡು ನೂಲುಗಳನ್ನು ಎಂದಿಗೂ ಗಂಟು ಹಾಕಬಾರದು. ಶುದ್ಧ ಉಣ್ಣೆಯಾದರೆ ಎರಡೂ ತುದಿಗಳ ಎಳೆಗಳನ್ನು ಬಿಡಿಸಿ, ಒಂದರ ಮೇಲೊಂದಿಟ್ಟು, ನೀರು ತಾಗಿಸಿ ಅಂಗೈಗಳ ನಡುವೆ ಜೋರಾಗಿ ಹೊಸೆದರೆ ಅವು ಒಂದೇ ನೂಲಾಗುತ್ತವೆ. ಅಕ್ರಿಲಿಕ್ ಹೀಗೆ ಬೆಸೆಯುವುದಿಲ್ಲ. ಅದಕ್ಕೆ ಹಳೆಯ ನೂಲು, ಹೊಸ ನೂಲು ಎರಡನ್ನೂ ಜೊತೆಗೆ ಹಿಡಿದು ಆರೇಳು ಕುಣಿಕೆಗಳನ್ನು ಹೆಣೆದು, ಮುಂದಿನ ಸುತ್ತಿನಲ್ಲಿ ಜೋಡಿ ಎಳೆಯನ್ನು ಒಂದೇ ಕುಣಿಕೆಯೆಂದು ಎಣಿಸಬೇಕು. ತುದಿಗಳನ್ನು ಮೊಂಡು ದಬ್ಬಣದಿಂದ ಹೊರಮೈಯಲ್ಲಿ ಸೇರಿಸಿಬಿಡಬೇಕು.

ನಾಲ್ಕು ಕಡ್ಡಿಗಳಲ್ಲಿ ಸುತ್ತಾಗಿ ಹೆಣೆದರೆ ಹೊಲಿಗೆಯ ಏಣು ಬರುವುದಿಲ್ಲ. ಎರಡು ಕಡ್ಡಿಗಳಲ್ಲಿ ಚಪ್ಪಟೆಯಾಗಿ ಹೆಣೆದು ಅಂಗಾಲಿನ ಕೆಳಗೆ ಹೊಲಿಯುವ ಕಾಲುಚೀಲವನ್ನು ಮಧುಮೇಹಿಗಳಿಗೆ ಕೊಡಬೇಡಿರಿ. ಹಿಮ್ಮಡಿ ತಿರುಗಿಸುವುದು ಬಾರದವರು ಹಿಮ್ಮಡಿಯೇ ಇಲ್ಲದ ನೇರ ಕೊಳವೆಯಾಕಾರದ ಚೀಲವನ್ನು ಹೆಣೆಯಬಹುದು. ಕ್ರೋಷಾದ ಹೆಣಿಗೆಯಲ್ಲಿ ಉಬ್ಬುತಗ್ಗು ಹೆಚ್ಚು. ಆದ್ದರಿಂದ ಸ್ಪರ್ಶಜ್ಞಾನ ಕಡಿಮೆಯಾದ ಪಾದಕ್ಕೆ ಕಡ್ಡಿಯ ಹೆಣಿಗೆ, ಹೊದಿಕೆಗೆ ಕ್ರೋಷಾ ಎಂದು ನೆನಪಿಟ್ಟುಕೊಳ್ಳಿರಿ. ನುಣುಪಾದ ಮುಖವು ಚರ್ಮದ ಕಡೆಗೆ ಬರುವಂತೆ ಚೀಲವನ್ನು ಮಗುಚಿ ಧರಿಸಿದರೆ ಇನ್ನೂ ಒಳ್ಳೆಯದು. ಪಾದದ ಭಾಗ ತಿಳಿಬಣ್ಣದ್ದಾಗಿರಲಿ. ರಕ್ತದ ಅಥವಾ ಕೀವಿನ ಕಲೆ ಬೇಗ ಕಾಣುತ್ತದೆ. ಮೇಲೆ ಹೇಳಿದ ಹಿರಿಯರ ಪಾದ ಉಳಿದದ್ದು ಅಂತಹ ಒಂದು ಕಲೆಯಿಂದಲೇ.

ಮೇಲಂಚಿಗೆ ಎಲಾಸ್ಟಿಕ್ ಪೋಣಿಸಬಾರದು. ಚೀಲ ಕಳಚಿದಾಗ ಕಾಲಿನ ಮೇಲೆ ಗೀರು ಬಿದ್ದಿದ್ದರೆ ಅದು ಬಿಗಿ ಎಂದೇ ಅರ್ಥ. ಕೊಡುವ ಮೊದಲು ಒಳಗೆ ಕೈಯಿಟ್ಟು, ಕಣ್ಣು ಮುಚ್ಚಿ, ಬೆರಳುಗಳಿಂದ ಎಲ್ಲ ಕಡೆ ತಡವಿರಿ. ನಿಮ್ಮ ಬೆರಳಿಗೆ ಸಿಕ್ಕಿದ್ದು ಅವರ ಪಾದಕ್ಕೂ ಸಿಕ್ಕೇ ಸಿಗುತ್ತದೆ.

ಧರಿಸುವ ಕ್ರಮ

ಅಭ್ಯಂಗವನ್ನು ವಿಶೇಷವಾಗಿ ತಲೆ, ಕಿವಿ, ಪಾದಗಳಿಗೆ ಮಾಡಬೇಕೆಂದು ಅಷ್ಟಾಂಗಹೃದಯವು ವಿಧಿಸುತ್ತದೆ. ಪಾದಾಭ್ಯಂಗದಿಂದ ಪಾದಗಳ ಒರಟುತನ, ಬಿಗಿತ, ಒಣಗುವಿಕೆ, ದಣಿವು, ಜೋಮು ಶಮನವಾಗುತ್ತವೆಂದು ಚರಕರು ಹೇಳಿದ್ದಾರೆ. ರಾತ್ರಿ ಪಾದಗಳನ್ನು ಉಗುರುಬೆಚ್ಚನೆಯ ನೀರಿನಲ್ಲಿ ತೊಳೆದು, ಒರೆಸಿ, ಎಳ್ಳೆಣ್ಣೆಯನ್ನು ಸವರಿ, ಹೆಚ್ಚಿನದನ್ನು ಬಟ್ಟೆಯಿಂದ ತೆಗೆದು, ಮೊದಲು ತೆಳುವಾದ ಹತ್ತಿಯ ಚೀಲ, ಅದರ ಮೇಲೆ ಹೆಣೆದ ಚೀಲ ಧರಿಸುವುದು ಬಿರಿದ ಹಿಮ್ಮಡಿಗೆ ಹಿತಕರ. ಮಧುಮೇಹಿಗಳು ಬೆರಳುಗಳ ಸಂದಿಗೆ ಎಣ್ಣೆ ಹಚ್ಚಬಾರದು. ಪಾದ ತಣ್ಣಗಿದೆಯೆಂದು ಬಿಸಿನೀರಿನ ಚೀಲವನ್ನೋ, ಕಾಯಿಸಿದ ಇಟ್ಟಿಗೆಯನ್ನೋ ಇಡಲೂಬಾರದು. ಸ್ಪರ್ಶವಿಲ್ಲದ ಪಾದ ಸುಡುವುದು ಅವರಿಗೇ ತಿಳಿಯುವುದಿಲ್ಲ. ದಿನಕ್ಕೊಮ್ಮೆ ಬೆಳಕಿನಲ್ಲಿ ಅಂಗಾಲನ್ನು ಮನೆಯವರು ಯಾರಾದರೂ ನೋಡಬೇಕು.

ನಾಲೆಯ ಬಯಲಿನ ಗದ್ದೆಯಲ್ಲಿ ಕೆಸರು ತುಳಿಯುವವರಿಗೆ ಬೇರೊಂದು ಮಾತಿದೆ. ಬೆರಳ ಸಂದಿಗಳು ತೇವಗೊಂಡು, ತುರಿಕೆ, ಉರಿ, ನೋವು ಉಂಟಾಗುವ ‘ಅಲಸ’ ಎಂಬ ವ್ಯಾಧಿಯನ್ನು ಸುಶ್ರುತರು ವಿವರಿಸಿ, ಕೆಟ್ಟ ಕೆಸರಿನ ಸ್ಪರ್ಶವೇ ಅದಕ್ಕೆ ಕಾರಣವೆಂದಿದ್ದಾರೆ. ನಮ್ಮವರು ಕೆಸರುಹುಣ್ಣು ಎನ್ನುವುದು ಇದನ್ನೇ. ಹುಣ್ಣಿರುವಾಗ ಅಥವಾ ಪಾದ ಒದ್ದೆಯಿರುವಾಗ ಉಲ್ಲನ್ ಚೀಲ ಧರಿಸಿದರೆ ಅದು ಹೆಚ್ಚುತ್ತದೆ. ಮೊದಲು ಸಂದಿಗಳನ್ನು ಚೆನ್ನಾಗಿ ಒಣಗಿಸಿ, ಚಿಕಿತ್ಸೆ ಪಡೆದು, ಆಮೇಲೆ ಧರಿಸಬೇಕು.

ಇನ್ನೊಂದು ಎಚ್ಚರ ನೆಲದ ವಿಷಯದಲ್ಲಿ. ಹೆಣೆದ ಚೀಲ ಧರಿಸಿ ಟೈಲ್ಸ್ ನೆಲದ ಮೇಲೆ, ನುಣುಪಾದ ಗಾರೆಯ ಮೇಲೆ ನಡೆದರೆ ಕಾಲು ಜಾರುತ್ತದೆ. ಇರುಳಿನಲ್ಲಿ ಬಚ್ಚಲಿಗೆ ಎದ್ದು ಹೋಗುವಾಗ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡ ಹಿರಿಯರ ಬಾಳು ಆಮೇಲೆ ಮೊದಲಿನಂತಾಗುವುದು ವಿರಳ. ಈ ಚೀಲಗಳು ಹಾಸಿಗೆಯಲ್ಲಿ ಇರುವಾಗ ಮಾತ್ರ. ಎದ್ದರೆ ಕಳಚಬೇಕು, ಇಲ್ಲವೇ ಜಾರದ ಚಪ್ಪಲಿ ಮೆಟ್ಟಬೇಕು.

ಶಿಶುವಿನ ಕುಲಾವಿ, ಕಾಲುಚೀಲ

1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾ ನಗರದ ವೈದ್ಯರು, ಯಂತ್ರಗಳ ಕೊರತೆಯ ನಡುವೆ, ತೂಕ ಕಡಿಮೆಯಿರುವ ಶಿಶುಗಳನ್ನು ತಾಯಿಯ ಎದೆಗೆ ನೇರವಾಗಿ ಅಪ್ಪಿಸಿ ಬೆಚ್ಚಗಿಡುವ ಕ್ರಮವನ್ನು ಆರಂಭಿಸಿದರು. ಕಾಂಗರೂ ಆರೈಕೆ ಎಂಬ ಹೆಸರಿನಿಂದ ಅದು ಇಂದು ನಮ್ಮ ಆಸ್ಪತ್ರೆಗಳಲ್ಲಿಯೂ ನಡೆಯುತ್ತಿದೆ. ಆ ಹೊತ್ತಿನಲ್ಲಿ ಮಗುವಿನ ಮೈಮೇಲೆ ಸಾಮಾನ್ಯವಾಗಿ ಇರುವುದು ಲಂಗೋಟಿ, ಕುಲಾವಿ, ಕಾಲುಚೀಲ ಮಾತ್ರ. ಒಂದು ಜೊತೆ ಪುಟ್ಟ ಕಾಲುಚೀಲಕ್ಕೆ 15ರಿಂದ 20 ಗ್ರಾಂ ನೂಲು ಸಾಕು. ನಿಮ್ಮ ಪೆಟ್ಟಿಗೆಯ ತಳದಲ್ಲಿ ಮರೆತುಹೋದ ಉಂಡೆಯ ಬೆಲೆ ಇಷ್ಟಿದೆ.

ಶಿಶುವಿಗೆ ಚುಚ್ಚುವ ಉಣ್ಣೆ ಬೇಡ. ಮೃದುವಾದ ಹತ್ತಿಯ ನೂಲು ಅಥವಾ ಶಿಶುಗಳಿಗೆಂದೇ ಬರುವ ಮೃದು ನೂಲು ಇರಲಿ. ಒಳಗೆ ಸಡಿಲ ಎಳೆ ಉಳಿದರೆ ಅದು ಎಳೆಯ ಬೆರಳಿಗೆ ಸುತ್ತಿಕೊಂಡು ರಕ್ತಸಂಚಾರವನ್ನೇ ನಿಲ್ಲಿಸಬಲ್ಲದು. ಮಗು ಕಾರಣ ತಿಳಿಯದಂತೆ ಅಳುತ್ತಿದ್ದರೆ ಮೊದಲು ಚೀಲ ಕಳಚಿ ಬೆರಳುಗಳನ್ನು ನೋಡಿರಿ. ಗುಂಡಿ, ಮಣಿ, ಕುಚ್ಚು, ಕತ್ತಿಗೆ ಕಟ್ಟುವ ದಾರ ಯಾವುದೂ ಬೇಡ. ದೊಡ್ಡ ಕಿಂಡಿಗಳ ಕ್ರೋಷಾ ಹೊದಿಕೆಯನ್ನು ಮಲಗಿದ ಮಗುವಿನ ಮೇಲೆ ಸಡಿಲವಾಗಿ ಬಿಟ್ಟುಹೋಗಬಾರದು. ಮುಖ ಮುಚ್ಚಿದರೆ ಅದು ತಾನೇ ಸರಿಸಿಕೊಳ್ಳಲಾರದು. ಎತ್ತಿಕೊಂಡಾಗ, ನೀವು ನೋಡುತ್ತಿರುವಾಗ ಹೊದಿಸಿರಿ. ಮಗು ಬೆಚ್ಚಗಿದೆಯೇ ಎಂಬುದನ್ನು ಅಂಗೈಯಿಂದಲ್ಲ, ಎದೆ ಅಥವಾ ಕತ್ತಿನ ಹಿಂಭಾಗ ಮುಟ್ಟಿ ತಿಳಿಯಬೇಕು. ಅಲ್ಲಿ ಬೆವರಿದ್ದರೆ ಒಂದು ಹೊದಿಕೆ ತೆಗೆಯಿರಿ.

ಹೊದಿಕೆಯ ಲೆಕ್ಕ

ತುಂಡು ನೂಲಿಗೆ ಚೌಕಗಳ ಹೊದಿಕೆಯೇ ಸುಲಭ. 4 ಮಿಲಿಮೀಟರ್ ಕೊಕ್ಕೆಕಡ್ಡಿಯಿಂದ ನಡುವಿನಿಂದ ಹೊರಕ್ಕೆ ಸುತ್ತುತ್ತ 15 ಸೆಂಟಿಮೀಟರ್ ಅಗಲದ ಚೌಕ ಹೆಣೆಯಬೇಕು. ಒಂದೊಂದಕ್ಕೆ 10ರಿಂದ 12 ಗ್ರಾಂ ಹಿಡಿಯುತ್ತದೆ. ಸಾಲಿಗೆ ಆರರಂತೆ ಆರು ಸಾಲು, ಒಟ್ಟು 36 ಚೌಕ ಸೇರಿಸಿದರೆ 90 ಸೆಂಟಿಮೀಟರ್ ಚೌಕದ ಹೊದಿಕೆಯಾಗುತ್ತದೆ. ತೂಕ ಸುಮಾರು 400 ಗ್ರಾಂ. ಕುಳಿತ ಹಿರಿಯರ ಮೊಣಕಾಲುಗಳಿಗೆ ಇದು ಸಾಕು. ಮೂರು ಮನೆಯವರು ಹಂಚಿಕೊಂಡರೆ ಒಬ್ಬೊಬ್ಬರಿಗೆ ಬರುವುದು ಹನ್ನೆರಡೇ ಚೌಕ.

ಹೆಣೆಯುವವರ ಆರೋಗ್ಯವೂ ಮುಖ್ಯ. ಅರ್ಧ ಗಂಟೆಗೊಮ್ಮೆ ಕಡ್ಡಿ ಇಳಿಸಿ, ಮುಷ್ಟಿ ಬಿಗಿದು ಬಿಡಿಸಿ, ಮಣಿಕಟ್ಟನ್ನು ತಿರುಗಿಸಿ, ದೂರದ ಮರವನ್ನು ನೋಡಿ ಕಣ್ಣಿಗೆ ವಿಶ್ರಾಂತಿ ಕೊಡಿರಿ. ಹೆಬ್ಬೆರಳ ಬುಡದಲ್ಲಿ ನೋವು ಬಂದರೆ ಒಂದು ವಾರ ನಿಲ್ಲಿಸಿರಿ. ಮಕ್ಕಳು ಬೆಂಗಳೂರು, ಮೈಸೂರು ಸೇರಿ, ಜಗಲಿಯಲ್ಲಿ ಒಬ್ಬರೇ ಉಳಿದ ತಾಯಂದಿರಿಗೆ ಈ ಎಣಿಕೆಯ ಕೆಲಸ ಮನಸ್ಸನ್ನು ನೆಲೆನಿಲ್ಲಿಸುವುದನ್ನು ನಾವು ಕಂಡಿದ್ದೇವೆ.

ದಾಸೋಹವಾಗಿ ಕೊಡುವಾಗ

ನೂಲುವ ಕಾಯಕದ ಕದಿರ ರೆಮ್ಮವ್ವೆಯನ್ನೂ, ನೇಯ್ಗೆಯ ಜೇಡರ ದಾಸಿಮಯ್ಯನವರನ್ನೂ, ಸೂಜಿಕಾಯಕದ ರಾಮಿತಂದೆಯವರನ್ನೂ ಶರಣರೆಂದು ಗೌರವಿಸುವ ಪರಂಪರೆ ನಮ್ಮದು. ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ದಾಸೋಹ ನಡೆಸಿದ ಆಯ್ದಕ್ಕಿ ಮಾರಯ್ಯನವರು ಒಂದು ದಿನ ಹೆಚ್ಚು ತಂದಾಗ, ಲಕ್ಕಮ್ಮನವರು ಅದನ್ನು ಹಿಂದಿರುಗಿಸಿ ಬರಲು ಹೇಳಿದರು. ಉಳಿಕೆಯೂ ಪ್ರಸಾದವಾಗಬಲ್ಲದು, ಆದರೆ ಆಯ್ದು, ಅಳೆದು, ಶುದ್ಧಿಯಿಂದ ಅರ್ಪಿಸಿದಾಗ ಮಾತ್ರ ಎಂಬುದನ್ನು ನಾವು ಅದರಿಂದ ಗ್ರಹಿಸುತ್ತೇವೆ. ಬೇಡದ್ದನ್ನು ದಾಟಿಸುವುದು ದಾಸೋಹವಲ್ಲ.

ಆದ್ದರಿಂದ ಕೊಡುವ ಮುನ್ನ ಅಂಟುವಾಳದ ನೊರೆಯಲ್ಲಿ ತಣ್ಣೀರಿನಿಂದ ಒಗೆದು, ಹಿಂಡದೆ ಒತ್ತಿ, ಚಪ್ಪಟೆಯಾಗಿ ಹರಡಿ ಒಣಗಿಸಿರಿ. ಎಂತಹ ನೂಲು, ಹೇಗೆ ಒಗೆಯಬೇಕು, ಬೆಂಕಿಯಿಂದ ದೂರವಿಡಬೇಕೇ ಎಂಬುದನ್ನು ಕನ್ನಡದಲ್ಲಿ ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿರಿ. ಆಸ್ಪತ್ರೆಗೆ ಕೊಡುವುದಾದರೆ ಅಲ್ಲಿಯ ದಾದಿಯರನ್ನು ಮೊದಲೇ ಕೇಳಿ, ಅವರು ಹೇಳಿದ ಅಳತೆಗೆ ಹೆಣೆಯಿರಿ.

ಆ ಹುಡುಗಿ ಮರುವರ್ಷ ಮತ್ತೆ ಕಡ್ಡಿ ಹಿಡಿದಳು. ತಾತನಿಗೆ ಹೆಣೆದ ಹೊಸ ಚೀಲವನ್ನು ಅವರ ಕಾಲಿಗೆ ತೊಡಿಸುವ ಮೊದಲು ನಮ್ಮಲ್ಲಿಗೆ ತಂದಳು. ಈ ಸಲ ನಾವು ಹೊಗಳುವ ಮೊದಲು ಒಳಗೆ ಕೈಯಾಡಿಸಿದೆವು. ಎಲ್ಲಿಯೂ ಗಂಟಿರಲಿಲ್ಲ.